ಕುದುರೆ ಬರುವ ಮೊದಲೇ ಬಿದ್ದ ಚಕ್ರವರ್ತಿ

ಡಲ್ಲಾಸ್

ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಇಲ್ಲಿಗೆ ಯಾಕೆ ಬಂದಿರಿ ಎಂಬುದು. ಇದಕ್ಕೆ ಏನು ಹೇಳಬೇಕೆಂದು ನನ್ನ ತಂಗಿಯ ಮಗಳು ಸುಧಾ ಫೋನಿನಲ್ಲಿ ಹತ್ತು ಸಲ ಹೇಳಿಕೊಟ್ಟಿದ್ದಳು. "ದೊಡ್ಡಮ್ಮ, ತಂಗಿ ಮಗಳನ್ನ ನೋಡೋಕೆ ಬಂದಿದೀನಿ ಅಂತ ಮಾತ್ರ ಹೇಳಿ. ಅದರ ಮೇಲೆ ಒಂದ್ ಮಾತೂ ಆಡ್ಬೇಡಿ." ಆದರೆ ಮೂವತ್ತೊಂದು ವರ್ಷ ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು. ಅರ್ಧ ಉತ್ತರಕ್ಕೆ ಅರ್ಧ ಅಂಕ ಕೊಟ್ಟೇ ರೂಢಿ.

"ತಂಗಿಯ ಮಗಳನ್ನು ನೋಡಲು ಬಂದಿದ್ದೇನೆ. ಜೊತೆಗೆ ಒಂದು ಯುದ್ಧ ನೋಡಲು" ಎಂದೆ.

ಆತ ಕೈಯಲ್ಲಿದ್ದ ಮುದ್ರೆಯನ್ನು ಕೆಳಗಿಟ್ಟ. "ಯಾವ ಯುದ್ಧ, ಮ್ಯಾಮ್?"

"ರೋಮನ್ನರಿಗೂ ವಿಸಿಗೋಥರಿಗೂ ನಡೆದದ್ದು. ಆಸ್ಟಿನ್ ಹತ್ತಿರ ಆಡಿ ತೋರಿಸುತ್ತಾರಂತೆ."

ಆತ ನನ್ನ ಮುಖ ನೋಡಿದ. ಇಳಕಲ್ ಸೀರೆ ನೋಡಿದ. ಮತ್ತೆ ಮುಖ ನೋಡಿದ. "ಯಾರು ಗೆಲ್ಲುತ್ತಾರೆ?"

"ವಿಸಿಗೋಥರು. ಅದರಲ್ಲಿ ಅನುಮಾನವೇ ಇಲ್ಲ."

ಠಪ್ಪೆಂದು ಮುದ್ರೆ ಬಿತ್ತು. ಹೊರಗೆ ಕಾದಿದ್ದ ಸುಧಾಳಿಗೆ ಇದನ್ನು ಹೇಳಿದಾಗ ಆಕೆ ಕಾರಿನ ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು ಕುಳಿತಳು.

ಅದು 2015ರ ಬೇಸಿಗೆ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ನಾನು ಟೆಕ್ಸಾಸಿಗೆ ಹೊರಟ ಸುದ್ದಿ ಅಲ್ಲಿ ಹರಡಿದ ಮರುದಿನವೇ ಹೂಸ್ಟನ್ನಿನಿಂದ ಫೋನು ಬಂತು. "ಮೇಡಂ, ನಾ ಈರಣ್ಣ. ನಿಮ್ಮ ವಿದ್ಯಾರ್ಥಿರಿ. ಆಗಸ್ಟ್ ತನಕ ಇರ್ರಿ. ನೀವು ಕಲಿಸಿದ ಲಡಾಯಿ ಕಣ್ಣಾರೆ ತೋರಸ್ತೇನಿ." ಈರಣ್ಣನ ಮುಖ ನನಗೆ ನೆನಪಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಈರಣ್ಣರು! ಆದರೆ ಕಲಿಸಿದ ಪಾಠ ನೆನಪಿಟ್ಟ ವಿದ್ಯಾರ್ಥಿ ಒಬ್ಬ ಸಿಕ್ಕನಲ್ಲ ಎಂದು ಎದೆ ಉಬ್ಬಿತು. ವಾಪಸು ಟಿಕೆಟ್ಟಿನ ತಾರೀಖು ಮುಂದೆ ಹಾಕಿಸಿದೆ.

ಆ ಲಡಾಯಿ ಇಷ್ಟು. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ, ರೋಮ್ ಸಾಮ್ರಾಜ್ಯದ ಗಡಿಯಾದ ಡ್ಯಾನ್ಯೂಬ್ ನದಿಯ ಆಚೆ ದಡಕ್ಕೆ ಗೋಥರೆಂಬ ಜನ ಬಂದು ನಿಂತರು. ಬೆನ್ನ ಹಿಂದೆ ಹೂಣರು. ಒಳಗೆ ಬಿಟ್ಟುಕೊಳ್ಳಿ ಎಂದು ಕೇಳಿದರು. ಚಕ್ರವರ್ತಿ ವಾಲೆನ್ಸ್ ಬಿಟ್ಟುಕೊಂಡ. ಎರಡು ವರ್ಷದಲ್ಲಿ ಜಗಳ ಹತ್ತಿ, ಈಗ ಟರ್ಕಿಯಲ್ಲಿರುವ ಏಡ್ರಿಯಾನೋಪಲ್ ಊರಿನ ಹತ್ತಿರ ಆಗಸ್ಟಿನ ಸುಡುಬಿಸಿಲಲ್ಲಿ ಯುದ್ಧವಾಯಿತು. ಗೋಥರು ಬಂಡಿಗಳನ್ನು ವೃತ್ತವಾಗಿ ನಿಲ್ಲಿಸಿಕೊಂಡು ಒಳಗಿದ್ದರು. ಅವರ ಕುದುರೆ ಸವಾರರು ಮೇವು, ಕಾಳು ತರಲು ದೂರ ಹೋಗಿದ್ದರು. ಅವರು ಬರುವ ತನಕ ಗೋಥರು ಸಂಧಾನಕ್ಕೆ ದೂತರ ಮೇಲೆ ದೂತರನ್ನು ಕಳಿಸಿ ಹೊತ್ತು ಕಳೆದರು. ನೀರಿಲ್ಲದೆ ನಿಂತ ರೋಮನ್ನರು ಬಾಡಿದರು. ಕುದುರೆ ಬಂತು, ರೋಮ್ ಸೋತಿತು, ಚಕ್ರವರ್ತಿ ಸತ್ತ. ಹೆಣ ಸಿಗಲಿಲ್ಲ. ಈ ಗೋಥರನ್ನೇ ಮುಂದೆ ಜನ ವಿಸಿಗೋಥರೆಂದು ಕರೆದರು. ಬಿ.ಎ. ಎರಡನೆಯ ವರ್ಷ ಇದನ್ನು ನಾನು ಹದಿನೈದು ನಿಮಿಷದಲ್ಲಿ ಮುಗಿಸುತ್ತಿದ್ದೆ.

ಮರ್ಫಿ

ಸುಧಾಳ ಮನೆ ಡಲ್ಲಾಸ್ ಪಕ್ಕದ ಮರ್ಫಿಯಲ್ಲಿ. ಅಲ್ಲಿ ಬೀದಿಗಳಿವೆ, ಬೀದಿಯಲ್ಲಿ ಮನುಷ್ಯರಿಲ್ಲ. ನನ್ನದು ಬೆಳಗಿನ ನಡಿಗೆ ತಪ್ಪಿಸುವ ಜಾತಿಯಲ್ಲ. ಮೊದಲ ದಿನ ಒಬ್ಬ ಹೆಂಗಸು ಕಾರು ನಿಲ್ಲಿಸಿ, "ದಾರಿ ತಪ್ಪಿದಿರಾ?" ಎಂದಳು. ಎರಡನೆಯ ದಿನ ಒಬ್ಬ ಮುದುಕ. ಮೂರನೆಯ ದಿನ ಪೊಲೀಸ್ ಕಾರೇ ಬಂತು. ಒಳಗಿದ್ದ ತರುಣ ಬಹಳ ಮರ್ಯಾದೆಯಿಂದ, "ನಿಮ್ಮನ್ನು ಮನೆಗೆ ಬಿಡಲೇ, ಮ್ಯಾಮ್?" ಎಂದ. ನಾಲ್ಕನೆಯ ದಿನದಿಂದ ಕಾರು ನಿಧಾನವಾಗುವುದು ಕಂಡ ಕೂಡಲೇ ನಾನೇ ಕೈಯೆತ್ತಿ, "ದಾರಿ ತಪ್ಪಿಲ್ಲ!" ಎಂದು ಕೂಗತೊಡಗಿದೆ. ಕಾಲು ಇದ್ದವರು ನಡೆದರೆ ಅದೊಂದು ಅಪಾಯದ ಲಕ್ಷಣ ಆ ಊರಿಗೆ.

ಸೆಖೆ ಮಾತ್ರ ನಮ್ಮ ಕಡೆಯದೇ. ವಿಜಯಪುರದ ಏಪ್ರಿಲ್ಲನ್ನು ತಂದು ಅಗಲವಾದ ರಸ್ತೆಗಳ ಮೇಲೆ ಹಾಸಿದ ಹಾಗೆ.

ಬಸ್ಸಿನಲ್ಲಿ

ಹೂಸ್ಟನ್ನಿಗೆ ಬಸ್ಸಿನಲ್ಲೇ ಹೋಗುತ್ತೇನೆಂದು ಹಟ ಹಿಡಿದೆ. ಹೊರಡುವ ಮುನ್ನ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಂಡೆ. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು.

ಪಕ್ಕದ ಸೀಟಿನಲ್ಲಿ ಅಗಲ ಅಂಚಿನ ಟೋಪಿಯ ಒಬ್ಬ ಹಿರಿಯ. ಬಸ್ಸು ಊರು ಬಿಡುವ ಮೊದಲೇ ತನ್ನ ಮೊಣಕಾಲಿನ ಆಪರೇಷನ್, ಎರಡನೆಯ ಹೆಂಡತಿ, ಸತ್ತ ನಾಯಿ ಎಲ್ಲವನ್ನೂ ಹೇಳಿ ಮುಗಿಸಿದ. ನಮ್ಮ ಕಡೆಯ ಬಸ್ಸಿನಲ್ಲಾದರೆ ಮೊದಲು ನಿಮ್ಮ ಊರು ಕೇಳುತ್ತಾರೆ, ಆಮೇಲೆ ಜಾತಿ ಯಾವುದು, ಆಮೇಲೆ ಪಗಾರ. ತಮ್ಮದೇನನ್ನೂ ಹೇಳುವುದಿಲ್ಲ. ಈತ ತನ್ನದೆಲ್ಲ ಕೊಟ್ಟ, ನನ್ನದೇನೂ ಕೇಳಲಿಲ್ಲ. ಇಳಿಯುವಾಗ ಟೋಪಿ ಎತ್ತಿ, "ಮ್ಯಾಮ್" ಎಂದ. ಮಾತಿಗೊಮ್ಮೆ ಮ್ಯಾಮ್. ಇಂಗ್ಲಿಷಿಗೂ ಒಂದು 'ರಿ' ಇದೆ, ಅದು ಟೆಕ್ಸಾಸಿನಲ್ಲಿದೆ ಎಂದು ನನಗೆ ಆ ದಿನ ಗೊತ್ತಾಯಿತು.

ಹೂಸ್ಟನ್

ಹೂಸ್ಟನ್ನಿನಲ್ಲಿ ಬಸ್ಸಿನ ಬಾಗಿಲು ತೆರೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತಾಯಿತು. ಹಬೆ. ಆ ಹಬೆಯ ಮಧ್ಯೆ ದಪ್ಪ ಮೀಸೆಯ, ಗಡ್ಡ ಬಿಟ್ಟ ಒಬ್ಬ ಗಟ್ಟಿ ಆಳು ಬಂದು, ಎಲ್ಲರೆದುರು ಬಗ್ಗಿ ನನ್ನ ಕಾಲು ಮುಟ್ಟಿದ. "ಬರ್ರಿ ಮೇಡಂ. ಗಡ್ಡ ನೋಡಿ ಅಂಜಬ್ಯಾಡ್ರಿ. ಲಡಾಯಿ ಸಲುವಾಗಿ ಬಿಟ್ಟೇನ್ರಿ."

ಈರಣ್ಣ ಬಿ.ಎ. ಮುಗಿಸಿರಲಿಲ್ಲ. ನಡುವೆ ಬಿಟ್ಟು ವೆಲ್ಡಿಂಗ್ ಕಲಿತು, ಕೊಲ್ಲಿ ದೇಶಕ್ಕೆ ಹೋಗಿ, ಅಲ್ಲಿ ನರ್ಸ್ ಆಗಿದ್ದ ಗದಗಿನ ಗಿರಿಜಾಳನ್ನು ಮದುವೆಯಾಗಿ, ಆಕೆಗೆ ಹೂಸ್ಟನ್ನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಹಿಂದೆಯೇ ಬಂದವನು. "ಆಕಿ ವೀಸಾಕ್ಕ ನಾ ಜೋತುಬಿದ್ದು ಬಂದೇನ್ರಿ" ಎಂದು ತಾನೇ ನಗುತ್ತ ಹೇಳಿದ. ಈಗ ಸ್ವಂತ ಗರಾಜು. ಲಾರಿಗಳ ಟ್ರೇಲರು, ತೋಟದ ಗೇಟು, ಬೇಲಿ ಮಾಡಿಕೊಡುತ್ತಾನೆ. ಅಲ್ಲಿನವರಿಗೆ ಈರಣ್ಣ ಎನ್ನಲು ಬಾರದೆ 'ಐರನ್' ಎನ್ನುತ್ತಾರೆ. ಕಬ್ಬಿಣದ ಕೆಲಸದವನಿಗೆ ಅದಕ್ಕಿಂತ ಒಳ್ಳೆಯ ಹೆಸರು ಬೇಕೆ? ಮಗಳು ನೇಹಾಳಿಗೆ ಹನ್ನೆರಡು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಕೇಳಿದ್ದು ಮಾತ್ರ ಒಂದಕ್ಷರ ತಪ್ಪದೆ ಅವಳಿಗೆ ತಿಳಿಯುತ್ತಿತ್ತು.

ಗರಾಜಿನ ಹಿಂದೆ ಒಂದು ಶೆಡ್ಡು. ಒಳಗೆ ಕಾಲಿಟ್ಟವಳು ನಿಂತೇಬಿಟ್ಟೆ. ಯುದ್ಧಕ್ಕೆಂದು ಅವನೇ ಮಾಡಿದ ನಾಲ್ಕು ಚಕ್ಕಡಿ. ಥೇಟ್ ನಮ್ಮ ಬಾಗಲಕೋಟೆ ಕಡೆಯ ಚಕ್ಕಡಿ. ಅದೇ ಗಾಲಿ, ಅದೇ ನೊಗ, ಗಾಲಿಗೆ ಕಾಸಿ ಕೂಡಿಸಿದ ಅದೇ ಕಬ್ಬಿಣದ ಪಟ್ಟಿ.

"ಇವು ಗೋಥರ ಬಂಡಿ ಹೆಂಗಪಾ?"

"ಗೋಥರ ಬಂಡಿ ಹೆಂಗಿದ್ವು ಅಂತ ಯಾರೂ ಚಿತ್ರ ಬರದಿಟ್ಟಿಲ್ರಿ. ನನಗ ಬರೂದು ಇದ ಒಂದ. ನಮ್ಮ ಲಡಾಯಿ ಆಟದ ಮಂದಿನೂ ಒಪ್ಪಿದ್ರು."

ಮೂಲೆಯಲ್ಲಿ ಮರದ ಕುದುರೆಯ ಮೇಲೆ ಒಂದು ಜೀನು ಇತ್ತು. ನನಗೆ ತಪ್ಪು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಡ. "ಈರಣ್ಣ, ಇದಕ್ಕ ಕಾಲಿಡೂ ರಿಕಾಬು ಎಲ್ಲೆ? ಗೋಥರು ಗೆದ್ದದ್ದ ರಿಕಾಬಿನಿಂದ. ಕಾಲು ಊರಿ ಭರ್ಚಿ ಬೀಸಾಕ ಬಂತು. ಕಲಿಸಿದ್ದು ಮರತೇನು?"

ಈರಣ್ಣ ತಲೆ ಕೆರೆದುಕೊಂಡ. "ಆಗ ರಿಕಾಬು ಇದ್ದಿಲ್ರಿ ಮೇಡಂ. ಯುರೋಪಿಗೆ ಅದು ಬಂದದ್ದು ಭಾಳ ಮುಂದರಿ."

"ಸಾಧ್ಯನ ಇಲ್ಲ" ಎಂದೆ. ನೇಹಾ ಫೋನು ತೆಗೆದು ಎರಡು ನಿಮಿಷ ನೋಡಿ, ನನ್ನ ಮುಂದೆ ಹಿಡಿದಳು. "ಸಾರಿ, ಆಂಟಿ." ಕನ್ನಡಕ ಏರಿಸಿ ಓದಿದೆ. ಮೂರು ಕಡೆ ಓದಿದೆ. ಮೂವತ್ತೊಂದು ಬ್ಯಾಚಿನ ಮಕ್ಕಳು ನಾನು ಕೊಟ್ಟ ರಿಕಾಬಿನ ಮೇಲೆ ನಿಂತು ಪಾಸಾಗಿ ಹೋಗಿದ್ದರು. "ನನ್ನ ಕಾಲದ ಪುಸ್ತಕದಾಗ ಹಂಗ ಇತ್ತು" ಎಂದೆ. ಅದು ನಿಜವೂ ಹೌದು. ಆದರೆ ಆ ರಾತ್ರಿಯ ಊಟದಲ್ಲಿ ನಾನು ತಂದ ಹಿಟ್ಟಿನಲ್ಲಿ ಗಿರಿಜಾ ತಟ್ಟಿದ ರೊಟ್ಟಿ ಬಿರುಕು ಬಿಟ್ಟಾಗ, ತಪ್ಪು ಹಿಟ್ಟಿನದೋ ತಟ್ಟುವವಳದೋ ಎಂದು ತೀರ್ಪು ಕೊಡುವ ಧೈರ್ಯ ನನಗೆ ಬರಲಿಲ್ಲ.

ಆಸ್ಟಿನ್ ಹೊರಗೆ, ಶುಕ್ರವಾರ

ಚಕ್ಕಡಿಗಳನ್ನು ಟ್ರೇಲರಿಗೆ ಹೇರಿಕೊಂಡು ನಾವು ನಾಲ್ವರೂ ಆಸ್ಟಿನ್ ದಾಟಿ, ಒಬ್ಬ ದನಗಾರನ ವಿಶಾಲವಾದ ಹೊಲಕ್ಕೆ ಬಂದೆವು. ಒಣಗಿದ ಹುಲ್ಲು, ಗಿಡ್ಡ ಓಕ್ ಮರಗಳು, ಸುಣ್ಣದ ಕಲ್ಲು. ಡೇರೆಗಳ ನಡುವೆ ಎಪ್ಪತ್ತು ಚಿಲ್ಲರೆ ರೋಮನ್ನರು, ನಲವತ್ತು ಗೋಥರು. ಅವರಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಪಾದ್ರಿ ಇದ್ದರು. ವಾರವಿಡೀ ಕುರ್ಚಿಯ ಮೇಲೆ ಕೂತವರು ವಾರದ ಕೊನೆಗೆ ಸಾಯಲು ಬಂದಿದ್ದರು.

ವಾಲೆನ್ಸ್ ಚಕ್ರವರ್ತಿಯಾಗಿದ್ದವರು ರಸೆಲ್ ಎಂಬ ಎಪ್ಪತ್ತು ದಾಟಿದ ಹಿರಿಯರು. ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಇಬ್ಬರು ಮೇಷ್ಟ್ರುಗಳು ಸಿಕ್ಕರೆ ಇನ್ನೇನು? ಅರ್ಧ ತಾಸಿನಲ್ಲಿ ಗೆಳೆಯರಾದೆವು. ಅವರದೊಂದೇ ನಿಯಮ: ಆ ಕಾಲದಲ್ಲಿ ಇಲ್ಲದ ವಸ್ತು ಯುದ್ಧದ ಹೊತ್ತಿಗೆ ಕಣ್ಣಿಗೆ ಬೀಳಬಾರದು. ನನ್ನ ಇಳಕಲ್ ಸೀರೆಯ ಮೈಮೇಲಿನ ಚೌಕುಳಿಯನ್ನು ಬಗ್ಗಿ ನೋಡಿ, ಗೋಥರ ಹೆಂಗಸರೂ ಚೌಕುಳಿ ಉಡುತ್ತಿದ್ದಿರಬಹುದು ಎಂದು ಪಾಸು ಮಾಡಿದರು.

"ಅಲ್ಲ, ಇದನ್ನು ನವೆಂಬರಿನಲ್ಲಿ ಇಟ್ಟುಕೊಳ್ಳಬಾರದೆ?" ಎಂದೆ ಬೆವರು ಒರೆಸುತ್ತ.

"ಬಿಸಿಲಿಲ್ಲದೆ ಈ ಯುದ್ಧ ಅರ್ಥವಾಗುವುದಿಲ್ಲ" ಎಂದರು ರಸೆಲ್. "ವಾಲೆನ್ಸನ ಸೈನಿಕರಿಗೆ ನೀರಿರಲಿಲ್ಲ. ನಾಳೆ ನಾನೂ ಕುಡಿಯುವುದಿಲ್ಲ."

ಇದು ಮೇಷ್ಟ್ರ ಹಟ. ನನಗೆ ಪರಿಚಯದ್ದೇ. ಮೆಚ್ಚಿಕೊಂಡು ಸುಮ್ಮನಾದೆ. ಆಗಲೇ ಒಂದು ಮಾತು ಗದರಿಸಿದ್ದರೆ ಚೆನ್ನಾಗಿತ್ತು.

ಶನಿವಾರ

ನಾಲ್ಕು ಚಕ್ಕಡಿಯಿಂದ ವೃತ್ತವಾಗುವುದಿಲ್ಲ. ನಡುನಡುವೆ ಪಿಕಪ್ ಗಾಡಿಗಳನ್ನು ನಿಲ್ಲಿಸಿ ತಾಡಪತ್ರಿ ಹೊದಿಸಿದ್ದರು. ಗಿರಿಜಾ ಒಂದು ಚಕ್ಕಡಿಯ ಕೆಳಗೆ ಐಸು ತುಂಬಿದ ಪೆಟ್ಟಿಗೆಗಳನ್ನಿಟ್ಟು ಮೇಲೆ ಗೋಣಿತಟ್ಟು ಮುಚ್ಚಿದಳು. "ರೋಮಿನ್ಯಾಗ ಇತ್ತೋ ಇಲ್ಲೋ, ನನಗ ಗೊತ್ತಿಲ್ರಿ. ನನ್ನ ಚಕ್ಕಡ್ಯಾಗಂತೂ ಐಸ್ ಇರ್ತೈತಿ." ನನ್ನನ್ನು ಮುಂದಿನ ಚಕ್ಕಡಿಯ ಮೇಲೆ ಹತ್ತಿಸಿದರು. ಅಲ್ಲಿಂದ ಇಡೀ ಬಯಲು ಕಾಣುತ್ತಿತ್ತು. ಬೇಲಿಯಾಚೆ ಇನ್ನೂರು ಜನ ಪ್ರೇಕ್ಷಕರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು.

ರೋಮನ್ನರು ಮೂರು ಮೈಲು ನಡೆದು ಬಂದರು. ಮೈಮೇಲೆ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ, ಕಬ್ಬಿಣದ ಟೋಪಿ, ಕೈಯಲ್ಲಿ ಗುರಾಣಿ. ಗುಡ್ಡದ ಅಂಚಿನಲ್ಲಿ ಅವರ ಸಾಲು ಮಿಂಚಿದಾಗ ನನ್ನ ಮೈ ಜುಮ್ಮೆಂದಿತು. ಹದಿನೈದು ನಿಮಿಷದ ಪಾಠಕ್ಕೆ ಇಷ್ಟು ಮಂದಿ, ಇಷ್ಟು ಧೂಳು ಇತ್ತೆಂದು ಯಾರಿಗೆ ಗೊತ್ತಿತ್ತು!

ಆಟ ಹೀಗೆ ನಡೆಯಬೇಕು: ಈರಣ್ಣ ದೂತನಾಗಿ ಹೋಗಿ ಸಂಧಾನದ ಮಾತಾಡುತ್ತಾನೆ. ಅಷ್ಟರಲ್ಲಿ ಬಲಗಡೆಯಿಂದ ಆರು ಕುದುರೆ ಸವಾರರು ನುಗ್ಗುತ್ತಾರೆ. ಕಾಳಗವಾಗುತ್ತದೆ. ಎಲ್ಲ ಮುಗಿಯುವ ಹೊತ್ತಿಗೆ ಬಾಣ ತಾಗಿ ಚಕ್ರವರ್ತಿ ಬೀಳುತ್ತಾನೆ. ಆದರೆ ಆರು ಕುದುರೆಗಳೂ ಹೆದ್ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಬಿದ್ದಿದ್ದವು. ತಾಡಪತ್ರಿಯ ಹಿಂದೆ ಯಾರೋ ಗುಟ್ಟಾಗಿ ಫೋನು ಹಿಡಿದು, "ಇನ್ನೂ ಒಂದು ಗಂಟೆಯಂತೆ! ಹೇಗಾದರೂ ಹೊತ್ತು ತಳ್ಳಿ" ಎಂದರು. ನಾನು ಜೋರಾಗಿ ನಕ್ಕೆ. ಗೋಥರಿಗೂ ಅಂದು ಇದೇ ಗತಿ.

ಈರಣ್ಣ ಹೊರಟ. ಗೋಥರ ಭಾಷೆ ಅಲ್ಲಿ ಯಾರಿಗೂ ಬಾರದು. ನಿನ್ನ ಭಾಷೆಯಲ್ಲೇ ಮಾತಾಡು ಎಂದು ರಸೆಲ್ ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಚಕ್ರವರ್ತಿಯ ಮುಂದೆ ಮಂಡಿಯೂರಿ, ಬಯಲಿಗೆಲ್ಲ ಕೇಳುವಂತೆ, "ದೊರಿಗಳ, ನಿಮ್ಮ ನೆಳ್ಳಿಗೆ ಬಂದೇವ್ರಿ. ಇರಾಕ ಜಾಗ ಕೊಡ್ರಿ" ಎಂದ. ರಸೆಲ್ ಲ್ಯಾಟಿನ್ನಿನಲ್ಲಿ ಉತ್ತರಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಇಬ್ಬರ ಮುಖದಲ್ಲೂ ಎಂಥ ಗಾಂಭೀರ್ಯ! ಜನ ಚಪ್ಪಾಳೆ ತಟ್ಟಿದರು.

ಅರ್ಧ ತಾಸು ಕಳೆಯಿತು. ಕುದುರೆ ಇಲ್ಲ. ಈರಣ್ಣ ಮತ್ತೆ ಹೋದ. ಈ ಸಲ ಹೇಳಲು ಏನೂ ಇರಲಿಲ್ಲ. "ದೊರಿಗಳ, ಬಿಸಲು ಭಾಳ ಐತ್ರಿ. ಕುದರಿ ಟ್ರಾಫಿಕ್ಕಿನ್ಯಾಗ ಸಿಕ್ಕಾವ್ರಿ. ನೀವು ಸ್ವಲ್ಪ ತಡಕೋರಿ" ಎಂದು ಗುಡುಗಿದ. ನಾನೂ ಗಿರಿಜಾಳೂ ಸೆರಗು ಬಾಯಿಗೊತ್ತಿಕೊಂಡೆವು.

ಅವನು ಮೂರನೆಯ ಸಲ ಹೋದ. ಈ ಸಲ ಅವನ ದನಿ ಬೇರೆಯಾಗಿತ್ತು. ಕೂಗಲಿಲ್ಲ. ಆದರೆ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು.

"ಸಾಹೇಬ್ರ, ನೀರು ಬಾಗಲಿಗೆ ಬಂದೈತ್ರಿ. ಹೊಸ ಊರಾಗ ಮನಿ ಕೊಡ್ತೇವಂದ್ರಿ, ಅಲ್ಲೆ ಬರೇ ಕಲ್ಲು ನೆಟ್ಟೀರಿ. ಕಾಳು ಕೊಡ್ತೇವಂದ್ರಿ, ಹುಳ ಹತ್ತಿದ್ದು ಕೊಟ್ರಿ. ಹೆಂಗಸ್ರು, ಕೂಸುಗೋಳು ಚಕ್ಕಡ್ಯಾಗ ಕುಂತಾವ್ರಿ. ನಾಲ್ಕ ಸಲ ಬಂದೆ, ನಾಳಿ ಬಾ ಅಂತೀರಿ. ನಾಳಿ ಯಾವ ದಾರೀಲಿ ಬರ್ಲಿರಿ? ದಾರಿನ ಮುಳಗೇತ್ರಿ."

ಗಿರಿಜಾಳ ನಗು ನಿಂತಿತ್ತು. "ಇದು ಮಾಮಾರ ಮಾತ್ರಿ" ಎಂದಳು ಮೆಲ್ಲಗೆ, ಮಾವನನ್ನು ಕುರಿತು. "ಇವ್ರು ನನ್ನ ಮುಂದನೂ ಎಂದೂ ಹಿಂಗ ಅಂದಿಲ್ರಿ."

ಈರಣ್ಣ ಉತ್ತರಕ್ಕೆ ಕಾಯದೆ ತಿರುಗಿ ನಮ್ಮತ್ತ ನಡೆದ. ನಾನು ಅವನನ್ನೇ ನೋಡುತ್ತಿದ್ದವಳು, ಅವನ ಭುಜದಾಚೆ ರಸೆಲ್ ಅವರನ್ನು ಕಂಡೆ. ಏನೋ ಹೇಳಲು ಕೈಯೆತ್ತಿದರು. ಮುಖ ಇಟ್ಟಿಗೆಯಂತೆ ಕೆಂಪಾಗಿತ್ತು. ಒಂದು ಹೆಜ್ಜೆ ಅಡ್ಡ ಹಾಕಿದರು. ಮಂಡಿ ಮಡಚಿ, ಹಾಗೆಯೇ ಮುಂದಕ್ಕೆ ಬಿದ್ದರು.

ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಕ್ರವರ್ತಿ ಬಿದ್ದದ್ದೇ ಸನ್ನೆಯೆಂದು ರೋಮನ್ನರ ಸಾಲು ಕೂಗಿಕೊಂಡು ಮುಂದೆ ನುಗ್ಗಿತು. ರಬ್ಬರು ತುದಿಯ ಬಾಣಗಳು ಚಕ್ಕಡಿಗೆ ಬಂದು ಬಡಿದವು. ಗೋಥರು ಗುರಾಣಿ ಎತ್ತಿದರು.

ನಾನೊಬ್ಬಳು ಚಕ್ಕಡಿಯ ಮೇಲೆ ನಿಂತಿದ್ದೆ. ತಲೆಯಲ್ಲಿ ಒಂದೇ ಮಾತು: ಇನ್ನೂ ಕುದುರೆ ಬಂದಿಲ್ಲ. ಕುದುರೆ ಬರದೆ ಚಕ್ರವರ್ತಿ ಬೀಳುವ ಹಾಗಿಲ್ಲ. ಮೂವತ್ತೊಂದು ವರ್ಷ ಇದೇ ಕ್ರಮದಲ್ಲಿ ಹೇಳಿದ್ದೇನೆ. ರಿಕಾಬು ತಪ್ಪಿರಬಹುದು, ಕ್ರಮ ತಪ್ಪಿಲ್ಲ. ಮತ್ತು ರಸೆಲ್ ಕ್ರಮ ತಪ್ಪುವ ಮೇಷ್ಟ್ರಲ್ಲ.

"ಈರಣ್ಣಾ!" ತರಗತಿಯ ಕೊನೆಯ ಬೆಂಚಿಗೆ ಮುಟ್ಟಿಸುವ ದನಿ ನನ್ನದು. "ತಿರುಗಿ ನೋಡು! ಖರೇನ ಬಿದ್ದಾರ! ಆಟ ಅಲ್ಲ!"

ಅವನು ತಿರುಗಿದ. ಮರುಕ್ಷಣ ಗುರಾಣಿ ಬಿಸುಟು, ಎರಡೂ ಕೈ ಮೇಲೆತ್ತಿ, ಎದುರು ಬರುತ್ತಿದ್ದ ಎಪ್ಪತ್ತು ಜನರ ಕಡೆಗೆ ಓಡಿದ. ಅವರಿಗೆ ಅದೂ ಆಟವೇ. ಒಬ್ಬ ಕತ್ತಿಯಿಂದ ಹೊಡೆದ, ಇನ್ನೊಬ್ಬ ಗುರಾಣಿಯಿಂದ ಗುದ್ದಿದ. ಪೆಟ್ಟು ಬಿದ್ದವನು ಸತ್ತಂತೆ ಬೀಳಬೇಕೆಂಬುದು ನಿಯಮ. ಈರಣ್ಣ ಬೀಳಲಿಲ್ಲ. "ನೀನು ಸತ್ತಿದ್ದೀಯ, ಐರನ್!" ಎಂದು ಯಾರೋ ಸಿಟ್ಟಿನಿಂದ ಕೂಗಿದರು. ಅವನು ಸಾಲು ಸೀಳಿಕೊಂಡು ಹೋಗಿ ರಸೆಲ್ ಅವರನ್ನು ಅಂಗಾತ ಹೊರಳಿಸಿದ. ಆಗ ಅಲ್ಲಿದ್ದವರೆಲ್ಲ ನಿಂತರು.

ಒಂದು ದೊಡ್ಡ ಗುರಾಣಿಯ ಮೇಲೆ ಮಲಗಿಸಿ, ರೋಮನ್ನರು ಮೂವರು, ಗೋಥರು ಮೂವರು ಹೊತ್ತು ತಂದು ಚಕ್ಕಡಿಯ ನೆರಳಿಗೆ ಇಳಿಸಿದರು. ಗಿರಿಜಾ ಕೆನ್ನೆ ಮುಟ್ಟಿ ನೋಡಿದಳು. "ಬೆಂಕಿ. ಬೆವರ ಇಲ್ಲ. ಈ ಕಬ್ಬಿಣ ತಗೀರಿ ಮೊದಲ!" ಎಚ್ಚರ ತಪ್ಪಿದ ಭಾರಿ ಆಳು. ಅಂಗಿ ತಲೆಯ ಮೇಲಿಂದ ಬರಲೊಲ್ಲದು. ಅದನ್ನು ಒಂದು ಚಳಿಗಾಲವಿಡೀ ಕೂತು ಒಂದೊಂದೇ ಬಳೆ ಹೆಣೆದು ರಸೆಲ್ ಅವರಿಗೆ ಮಾಡಿಕೊಟ್ಟವನು ಈರಣ್ಣನೇ. ಪಿಕಪ್ಪಿನಿಂದ ತಂತಿ ಕತ್ತರಿಸುವ ಇಕ್ಕಳ ತಂದ. ಕತ್ತಿನಿಂದ ಹೊಟ್ಟೆಯ ತನಕ ಕತ್ತರಿಸಿಬಿಟ್ಟ. ಬಳೆಗಳು ಹುಲ್ಲಿನಲ್ಲಿ ಚೆಲ್ಲಾಡಿದವು.

ಆಮೇಲೆ ಗಿರಿಜಾಳ ರಾಜ್ಯ. "ಐಸ್ ಕಂಕುಳಾಗ ಇಡ್ರಿ! ಕುತ್ಗಿಗೆ! ನೀರು ಕುಡಸಬ್ಯಾಡ್ರಿ, ಮೈಮ್ಯಾಲೆ ಸುರೀರಿ! ಯಾರರ ಆಂಬ್ಯುಲೆನ್ಸ್ ಕರೀರಿ!" ಆಕೆ ಕನ್ನಡದಲ್ಲೇ ಆಜ್ಞೆ ಮಾಡುತ್ತಿದ್ದಳು. ಆದರೂ ಅರ್ಥವಾಗದ ರೋಮನ್ ಸೈನಿಕ ಒಬ್ಬನೂ ಇರಲಿಲ್ಲ. ಹಲ್ಲಿನ ಡಾಕ್ಟರು ನಾಡಿ ಹಿಡಿದು ಕೂತರು. ನಾನು ಬಿಸಿಲಿಗೆಂದು ತಲೆಗೆ ಹೊದ್ದಿದ್ದ ಶಾಲನ್ನು ನೀರಿಗೆ ಅದ್ದಿ ಬೀಸಿದೆ. ನೇಹಾ ಇನ್ನೊಂದು ತುದಿ ಹಿಡಿದಳು. ತೋಳು ಬಿದ್ದುಹೋಗುವ ತನಕ ಬೀಸಿದೆವು.

ಕೊನೆಗೆ ಆಂಬ್ಯುಲೆನ್ಸು ಬಂತು. ಅದರ ಧೂಳಿನ ಹಿಂದೆಯೇ ಕುದುರೆಗಳ ಗಾಡಿಯೂ ಬಂತು.

ಆಸ್ಪತ್ರೆ

ಆಸ್ಟಿನ್ನಿನ ಆಸ್ಪತ್ರೆಯ ಹೊರಕೋಣೆಯಲ್ಲಿ ಧೂಳು ಮೆತ್ತಿದ ಹತ್ತು ಹನ್ನೆರಡು ಜನ ರೋಮನ್ನರು, ಗೋಥರು ಸಾಲಾಗಿ ಕೂತೆವು. ಮೇಜಿನ ಹಿಂದೆ ಕೂತಿದ್ದ ಹುಡುಗಿ, "ನೀವು ಪೇಷಂಟಿಗೆ ಏನಾಗಬೇಕು?" ಎಂದು ನನ್ನನ್ನು ಕೇಳಿದಳು. "ಎದುರು ಪಕ್ಷ" ಎಂದೆ. 'ಫ್ರೆಂಡ್' ಎಂದು ಬರೆದುಕೊಂಡಳು. ಅಲ್ಲಿಯವರು ಜಾಣರು.

ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು, ಈಗ ಪರವಾಗಿಲ್ಲ ಎಂದು ಸಂಜೆಗೆ ಡಾಕ್ಟರು ಹೇಳಿದರು. ಒಳಗೆ ಬಿಟ್ಟಾಗ ರಸೆಲ್ ಬಿಳಿಚಿಕೊಂಡು ಮಲಗಿದ್ದರು. ಕಣ್ಣು ಮಾತ್ರ ಚುರುಕಾಗಿತ್ತು.

"ನಾನು ನಟಿಸುತ್ತಿಲ್ಲವೆಂದು ನಿಮಗೆ ಹೇಗೆ ತಿಳಿಯಿತು?"

"ನೀವು ಹೊತ್ತಿಗೆ ಮೊದಲೇ ಬಿದ್ದಿರಿ. ಇನ್ನೂ ಕುದುರೆ ಬಂದಿರಲಿಲ್ಲ."

ನಗಲು ಹೋಗಿ ಕೆಮ್ಮಿದರು. ಆಮೇಲೆ ಈರಣ್ಣನ ಕಡೆ ತಿರುಗಿದರು. "ಐರನ್, ಆ ಯುದ್ಧದ ಬಗ್ಗೆ ಉಳಿದಿರುವುದನ್ನೆಲ್ಲ ಓದಿದ್ದೇನೆ. ದೂತರು ಏನು ಕೇಳಿದರೆಂದು ಒಂದು ಸಾಲು ಇದೆ. ಹೇಗೆ ಮಾತಾಡಿದರೆಂದು ಯಾರೂ ಬರೆದಿಲ್ಲ. ಮೂರನೆಯ ಸಲ ನೀನು ಆಡಿದ್ದು ನನಗೆ ತಿಳಿಯಲಿಲ್ಲ. ಆದರೆ ಅದು ಆಟವಲ್ಲ ಎನ್ನಿಸಿತು. ಏನು ಹೇಳಿದೆ?"

ಈರಣ್ಣ ನೆಲ ನೋಡಿದ. "ಮೇಡಂ, ನೀವ ಹೇಳ್ರಿ."

ನಾನು ಹೇಳಿದೆ. ನೀರು, ಕಲ್ಲು, ಕಾಳು, ಚಕ್ಕಡಿ ಎಲ್ಲ ಸಲೀಸಾಗಿ ಇಂಗ್ಲಿಷಾಯಿತು. ಮುಳುಗಿದ ದಾರಿಯ ಮಾತೊಂದು ಉಳಿಯಿತು. ನೀರು ಕುಡಿದು ಅದನ್ನೂ ಹೇಳಿದೆ. ರಸೆಲ್ ಈರಣ್ಣನ ಕೈ ಹಿಡಿದುಕೊಂಡರು. ಬಾಗಿಲಲ್ಲಿ ನೇಹಾ ನಿಂತಿದ್ದಳು. ಯಾವಾಗ ಬಂದಳೋ.

ಭಾನುವಾರ

ಮರುದಿನ ಬೆಳಿಗ್ಗೆ ಚಕ್ಕಡಿಗಳನ್ನು ಹೇರಲು ಹೊಲಕ್ಕೆ ಹೋದೆವು. ಉಳಿದ ಯುದ್ಧವನ್ನು ಯಾರೂ ಆಡಲಿಲ್ಲ. ಈರಣ್ಣ ಹಗ್ಗ ಬಿಗಿಯುತ್ತಿದ್ದ. ನಾನು ನೆರಳಿನಲ್ಲಿ ಕೂತಿದ್ದೆ.

"ಅಪ್ಪ ಪುನರ್ವಸತಿ ಆಫೀಸಿನ್ಯಾಗ ಆಡಿದ ಮಾತ್ರಿ ಅವು" ಎಂದ ಕೆಲಸ ನಿಲ್ಲಿಸದೆ. "ಕೃಷ್ಣಾ ಹೊಳಿಗೆ ಡ್ಯಾಮು ಕಟ್ಟಿದಾಗ ನಮ್ಮೂರು ಹೋತ್ರಿ. ನಾ ಬಿ.ಎ. ಎರಡನೇ ವರ್ಷ. ಅಪ್ಪನ ಜೋಡಿ ನಾನೂ ಹೋಗಿ ನಿಂತಿದ್ದೆ. ಹತ್ತು ಚಕ್ಕಡಿ ಕಟಕೊಂಡು ಹೊರಗ ಬಂದಿವ್ರಿ. ಅದರ ಮುಂದಿನ ವಾರನ ನೀವು ಈ ಪಾಠ ಮಾಡಿದ್ರಿ." ಗಂಟು ಹಾಕಿ ಎಳೆದು ನೋಡಿದ. "ನಾ ಎದ್ದು ನಿಂತು ಕೇಳಿದೆ. ಹೆಂಗಸ್ರು, ಕೂಸು, ಚಕ್ಕಡಿ ಕಟಕೊಂಡು ಬಂದ ಮಂದಿ ಲಡಾಯಿ ಮಾಡಾಕ ಬಂದಿದ್ರೇನ್ರಿ ಅಂತ. ಇದು ಪರೀಕ್ಷೆಗೆ ಬರೂದಿಲ್ಲ, ಕೂಡು ಅಂದ್ರಿ. ಅದ ವಾರ ನಾ ಕಾಲೇಜು ಬಿಟ್ಟೆ."

ನನಗೆ ನೆನಪಿರಲಿಲ್ಲ. ಎಷ್ಟು ತಡಕಿದರೂ ಆ ತರಗತಿ, ಆ ಹುಡುಗ, ಆ ಪ್ರಶ್ನೆ ಯಾವುದೂ ನೆನಪಿಗೆ ಬರಲಿಲ್ಲ. ಅವನು ನೆನಪಿಟ್ಟದ್ದು ನನ್ನ ಪಾಠವನ್ನಲ್ಲ, ನಾನು ಕೊಡದ ಉತ್ತರವನ್ನು.

"ಸಿಟ್ಟಿಗೆ ಹೇಳಾಕತ್ತಿಲ್ರಿ" ಎಂದ. "ಆ ಪ್ರಶ್ನೆ ಬೆನ್ನ ಹತ್ತೇ ಇಲ್ಲಿ ತನಕ ಬಂದೆ. ಅದಕ್ಕ ನಿಮ್ಮನ್ನ ಕರದೆ."

ನಾನು ಎದ್ದು ನಿಂತೆ. ಉತ್ತರ ಹೇಳುವಾಗ ಕೂತು ಹೇಳಿ ನನಗೆ ಅಭ್ಯಾಸವಿಲ್ಲ. "ಕೂಡು ಅಂದದ್ದು ನನ್ನ ತಪ್ಪು, ಈರಣ್ಣ. ಲಡಾಯಿಗೆ ಬಂದವರಲ್ಲ ಅವರು. ಅದು ಸೈನ್ಯ ಆಗಿರಲಿಲ್ಲಪಾ. ಅದು ಒಂದು ಊರು."

ಅವನು ಚಕ್ಕಡಿಯ ಗಾಲಿಯ ಮೇಲೆ ಕೈಯಿಟ್ಟ. "ಹೌದ್ರಿ" ಎಂದ. "ಊರು."

ಪಿಕಪ್ಪಿನ ಬಾಗಿಲಿಗೆ ಒರಗಿದ್ದ ನೇಹಾ ಹತ್ತಿರ ಬಂದಳು. "ವಿಚ್ ಊರು, ಡ್ಯಾಡ್? ಹೆಸರು?"

ಮಗಳು ಅದುವರೆಗೆ ಕೇಳಿರಲಿಲ್ಲ. ಅವನು ಹೇಳಿರಲೂ ಇಲ್ಲ.

"ಹೊಳೆಬಳ್ಳೂರ."

"ಹೋಲೆಬಲ್ಲೂರ್."

"ಅಲ್ಲ. ನಾಲಿಗಿ ಹಿಂದ ಮಡಚಬೇಕು. ಹೊಳೆ. ಬಳ್ಳೂರ."

"ಹೋಳೆಬಲ್ಲೂರ್."

"ಹೊಳೆ-ಬಳ್ಳೂರ."

ನಾನು ಬಾಯಿ ಹಾಕಲಿಲ್ಲ. ನೇಹಾ ಕಣ್ಣು ಮುಚ್ಚಿ, ಬಾಯಲ್ಲಿ ನಾಲಿಗೆ ಹೊರಳಿಸಿ, ಒಂದೊಂದೇ ಅಕ್ಷರ ಹುಡುಕಿಕೊಂಡಳು.

"ಹೊಳೆಬಳ್ಳೂರ" ಎಂದಳು.